ಹೂಳು, ಬಂಡೆ, ಪ್ರವಾಹ: ದೊಡ್ಡ ಅಣೆಕಟ್ಟುಗಳ ಸಮಸ್ಯೆಗಳು ಹೆಣೆದುಕೊಂಡಿರುವ ಬಗೆ

ದೊಡ್ಡ ಅಣೆಕಟ್ಟುಗಳ ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ಬೇರೆ ಬೇರೆ ಕಡತಗಳಲ್ಲಿ ನಡೆಯುತ್ತದೆ. ಮುಳುಗಡೆಯಾಗುವ ಕಾಡು, ನೆಲೆ ಕಳೆದುಕೊಳ್ಳುವ ಜನ, ಅಳಿದುಹೋಗುವ ಮೀನು ಇವೆಲ್ಲ ಪರಿಸರದ ಕಡತಕ್ಕೆ ಸೇರಿದರೆ, ತಳಪಾಯದ ಬಂಡೆ, ಕಾಂಕ್ರೀಟಿನ ಬಿರುಕು, ಗೇಟುಗಳ ಸವಕಳಿ ಇವು ಎಂಜಿನಿಯರುಗಳ ಕಡತಕ್ಕೆ ಹೋಗುತ್ತವೆ. ಮೊದಲನೆಯದನ್ನು ಓದುವವರು ಎರಡನೆಯದನ್ನು ಓದುವುದು ಅಪರೂಪ. ಎರಡನೆಯದನ್ನು ಬರೆಯುವವರಿಗೆ ಮೊದಲನೆಯದು ಅನುಮತಿ ಪಡೆಯಲು ದಾಟಬೇಕಾದ ಒಂದು ಹಂತವಷ್ಟೇ. ಆದರೆ ಈವರೆಗೆ ನಡೆದಿರುವ ದೊಡ್ಡ ಅವಘಡಗಳನ್ನೂ ಸದ್ದಿಲ್ಲದೆ ಆಗಿರುವ ನಷ್ಟಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಬಹುಮಟ್ಟಿಗೆ ಎರಡಕ್ಕೂ ಬೇರು ಒಂದೇ ಎಂಬುದು ಕಾಣುತ್ತದೆ. ನದಿಯನ್ನು ಇಷ್ಟು ಘನ ಮೀಟರು ನೀರು ಎಂದು ಮಾತ್ರ ಎಣಿಸಿ, ಅದು ಹೊತ್ತು ತರುವ ಮಣ್ಣನ್ನೂ ಶಾಖವನ್ನೂ ಜೀವಿಗಳನ್ನೂ, ಅದು ಒತ್ತುವ ನೆಲವನ್ನೂ ಲೆಕ್ಕದಿಂದ ಹೊರಗಿಟ್ಟದ್ದೇ ಆ ಬೇರು.

ಅಂತಾರಾಷ್ಟ್ರೀಯ ದೊಡ್ಡ ಅಣೆಕಟ್ಟುಗಳ ಆಯೋಗದ ಪ್ರಕಾರ ತಳಪಾಯದಿಂದ 15 ಮೀಟರು ಅಥವಾ ಅದಕ್ಕಿಂತ ಎತ್ತರವಿರುವ ಕಟ್ಟೆ ದೊಡ್ಡ ಅಣೆಕಟ್ಟು. ಎತ್ತರ 5ರಿಂದ 15 ಮೀಟರಿನ ನಡುವೆ ಇದ್ದರೂ 30 ಲಕ್ಷ ಘನ ಮೀಟರಿಗಿಂತ ಹೆಚ್ಚು ನೀರು ಹಿಡಿಯುವುದಾದರೆ ಅದೂ ಈ ಪಟ್ಟಿಗೆ ಸೇರುತ್ತದೆ. ಆಯೋಗದ ದಾಖಲೆಯಲ್ಲಿ ಇಂಥವು 58,000ಕ್ಕೂ ಹೆಚ್ಚಿವೆ. 2019ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು, 1,000 ಕಿಲೋಮೀಟರಿಗಿಂತ ಉದ್ದದ ನದಿಗಳ ಪೈಕಿ ಉಗಮದಿಂದ ಕೊನೆಯವರೆಗೆ ಅಡೆತಡೆಯಿಲ್ಲದೆ ಹರಿಯುವವು ಶೇಕಡಾ 37 ಮಾತ್ರ ಎಂದು ಲೆಕ್ಕ ಹಾಕಿತು. ಹೀಗಾಗಿ ಇಲ್ಲಿ ಹೇಳುವ ಸಂಗತಿಗಳು ಯಾವುದೋ ಕೆಲವು ಕೆಟ್ಟ ಅಣೆಕಟ್ಟುಗಳ ಕಥೆಯಲ್ಲ. ಪ್ರಮಾಣದಲ್ಲಿ ಹೆಚ್ಚುಕಡಿಮೆ ಇರಬಹುದು, ಆದರೆ ಅವುಗಳ ಹಿಂದಿನ ಕ್ರಿಯೆಗಳು ಎಲ್ಲೆಡೆಯೂ ಇವೆ.

ಹೂಳು ಎಲ್ಲಿ ಕೂರುತ್ತದೆ

ಮೊದಲು ಹೂಳನ್ನೇ ತೆಗೆದುಕೊಳ್ಳೋಣ, ಏಕೆಂದರೆ ಉಳಿದ ಅನೇಕ ತೊಂದರೆಗಳ ಎಳೆ ಇಲ್ಲಿಂದಲೇ ಹೊರಡುತ್ತದೆ. ಹರಿಯುವ ನೀರು ತನ್ನ ವೇಗಕ್ಕೆ ತಕ್ಕಷ್ಟು ಜಲ್ಲಿ, ಮರಳು, ಮೆಕ್ಕಲು ಮಣ್ಣನ್ನು ಹೊತ್ತೊಯ್ಯುತ್ತದೆ. ಅದು ಜಲಾಶಯದ ಹಿನ್ನೀರಿಗೆ ಬಂದು ಸೇರಿದ ಕೂಡಲೇ ವೇಗ ಕುಸಿಯುತ್ತದೆ. ದಪ್ಪ ಕಣಗಳು ಹಿನ್ನೀರಿನ ತುದಿಯಲ್ಲೇ ಉಳಿದು ದಿಬ್ಬವಾಗುತ್ತವೆ; ತೀರ ನವಿರಾದ ಮಣ್ಣು ಮಾತ್ರ ಜಲಾಶಯದ ತಳ ಹಿಡಿದು ಕಟ್ಟೆಯವರೆಗೂ ಸಾಗುತ್ತದೆ. ಹೂಳೆಲ್ಲ ಜಲಾಶಯದ ಅಡಿಯಲ್ಲಿ, ಅದಕ್ಕೆಂದೇ ಬಿಟ್ಟಿರುವ ಬಳಕೆಗೆ ಬಾರದ ಭಾಗದಲ್ಲಿ ಮೊದಲು ತುಂಬುತ್ತದೆ, ಮೇಲಿನ ಬಳಕೆಯ ಸಂಗ್ರಹಕ್ಕೆ ಬಹುಕಾಲ ಧಕ್ಕೆಯಿಲ್ಲ ಎಂಬ ನಂಬಿಕೆ ಹಳೆಯ ಯೋಜನಾ ವರದಿಗಳಲ್ಲಿ ಸಾಮಾನ್ಯವಾಗಿತ್ತು. ವಾಸ್ತವದಲ್ಲಿ ಹೂಳಿನ ದೊಡ್ಡ ಪಾಲು ಮೇಲ್ಭಾಗದಲ್ಲಿ, ಅಂದರೆ ನೀರಾವರಿಗೂ ವಿದ್ಯುತ್ತಿಗೂ ಪ್ರವಾಹ ತಡೆಗೂ ಬೇಕಾದ ಜಾಗದಲ್ಲೇ ಕೂರುತ್ತದೆ. ತುಂಗಭದ್ರಾ ಜಲಾಶಯ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು; 2016ರ ಸಮೀಕ್ಷೆಯಲ್ಲಿ ಅದು 106 ಟಿಎಂಸಿಯ ಆಸುಪಾಸಿಗೆ ಇಳಿದಿತ್ತು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 50,000 ದೊಡ್ಡ ಅಣೆಕಟ್ಟುಗಳನ್ನು ಅಂದಾಜಿಸಿ, ಇಂದಿಗಾಗಲೇ ಅವು ಮೂಲ ಸಾಮರ್ಥ್ಯದ ಶೇಕಡಾ 13ರಿಂದ 19ರಷ್ಟನ್ನು ಕಳೆದುಕೊಂಡಿವೆ, 2050ರ ವೇಳೆಗೆ ಈ ನಷ್ಟ ಕಾಲು ಭಾಗವನ್ನು ಮುಟ್ಟಲಿದೆ ಎಂದಿದ್ದಾರೆ.

ಈ ವಿಷಯದಲ್ಲಿ ಚೀನಾದ ಸಾನ್‌ಮೆನ್‌ಶಿಯಾ ಅಣೆಕಟ್ಟಿನಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. ಹಳದಿ ನದಿ ಆ ಕಾಲಕ್ಕೆ ವರ್ಷಕ್ಕೆ ಸರಾಸರಿ 160 ಕೋಟಿ ಟನ್ ಮಣ್ಣು ಹೊತ್ತು ತರುತ್ತಿತ್ತು. ಜಲಾಶಯ ಹೂಳಿನಿಂದ ತುಂಬಿಹೋಗುತ್ತದೆ, ಮೇಲಿನ ಕಣಿವೆಗೆ ಅಪಾಯ ತರುತ್ತದೆ ಎಂದು ಜಲವಿಜ್ಞಾನಿ ಹುವಾಂಗ್ ವಾನ್‌ಲಿ 1957ರಲ್ಲೇ ವಿರೋಧಿಸಿದ್ದರು; ಅವರ ಮಾತು ನಡೆಯಲಿಲ್ಲ. 1960ರಲ್ಲಿ ನೀರು ನಿಲ್ಲಿಸಲು ಆರಂಭಿಸಿದ ಎರಡೇ ವರ್ಷಗಳೊಳಗೆ ಹಿನ್ನೀರಿನ ತುದಿಯಲ್ಲಿರುವ ತೋಂಗ್ವಾನ್ ಬಳಿ ನದಿಯ ತಳ ನಾಲ್ಕು ಮೀಟರಿಗೂ ಹೆಚ್ಚು ಮೇಲೇರಿತು. ಅಲ್ಲಿಗೆ ಬಂದು ಸೇರುವ ವೇ ನದಿಗೆ ಇಳಿಜಾರು ಸಾಲದೆ ಅದು ತನ್ನ ಪಾತ್ರದಲ್ಲೇ ಹೂಳು ತುಂಬಿಕೊಂಡು ಹಿಂದಕ್ಕೆ ಉಬ್ಬಿತು. ಕಟ್ಟೆಯಿಂದ ಎಷ್ಟೋ ದೂರದಲ್ಲಿದ್ದ ಹೊಲಗಳಿಗೆ, ಕೊನೆಗೆ ಶಿಯಾನ್ ನಗರದ ಸುತ್ತಲಿನ ಪ್ರದೇಶಕ್ಕೂ ಪ್ರವಾಹದ ಭಯ ಹುಟ್ಟಿತು. ಮುಂದಿನ ಒಂದು ದಶಕ ಎಂಜಿನಿಯರುಗಳು ತಾವೇ ಕಟ್ಟಿದ್ದರಲ್ಲಿ ತೂತು ಕೊರೆಯುವ ಕೆಲಸ ಮಾಡಬೇಕಾಯಿತು. ನಿರ್ಮಾಣ ಕಾಲದ ತಳತೂಬುಗಳನ್ನು ಕಾಂಕ್ರೀಟು ತುಂಬಿ ಮುಚ್ಚಲಾಗಿತ್ತು. ಅವುಗಳನ್ನು ಒಡೆದು ಮತ್ತೆ ತೆರೆದರು, ಪಕ್ಕದ ಬೆಟ್ಟದಲ್ಲಿ ಸುರಂಗ ತೋಡಿದರು. ಮಳೆಗಾಲದ ಕೆಸರು ನೀರನ್ನು ಹಿಡಿಯದೆ ಬಿಡುವುದು, ಆಮೇಲೆ ಬರುವ ತಿಳಿನೀರನ್ನು ಮಾತ್ರ ನಿಲ್ಲಿಸುವುದು ಎಂಬ ಕ್ರಮ 1970ರ ದಶಕದಲ್ಲಿ ಜಾರಿಗೆ ಬಂದ ಮೇಲೆ ಪರಿಸ್ಥಿತಿ ಒಂದು ಹದಕ್ಕೆ ಬಂತು. ಆದರೆ 1,000 ಮೆಗಾವಾಟಿಗೂ ಮೀರಿ ಯೋಜಿಸಿದ್ದ ವಿದ್ಯುತ್ತಿನ ಜಾಗದಲ್ಲಿ ಕೈಗೆ ಸಿಕ್ಕಿದ್ದು ಸುಮಾರು 250 ಮೆಗಾವಾಟು. ಹೂಳು ಪರಿಸರದ ಪ್ರಶ್ನೆಯೋ ರಚನೆಯ ಪ್ರಶ್ನೆಯೋ ಎಂದು ಕೇಳುವವರು ಈ ಒಂದು ಪ್ರಕರಣವನ್ನು ಪರಿಶೀಲಿಸಿದರೆ ಸಾಕು.

ಕಟ್ಟೆಯ ಹಿಂದೆ ಮಣ್ಣು ಹೆಚ್ಚಾದರೆ ಕೆಳಗೆ ಅದು ಕಡಿಮೆಯಾಗಲೇಬೇಕು. ಹೊರೆಯನ್ನೆಲ್ಲ ಕಳಚಿಕೊಂಡು ಹೊರಬಿದ್ದ ತಿಳಿನೀರಿಗೆ ಮಣ್ಣು ಹೊರುವ ಶಕ್ತಿ ಹಾಗೇ ಉಳಿದಿರುತ್ತದೆ. ನದಿವಿಜ್ಞಾನಿಗಳು ಇದನ್ನು ಹಸಿದ ನೀರು ಎನ್ನುತ್ತಾರೆ. ಅದು ಕೆಳಗಿನ ತಳವನ್ನೂ ದಡವನ್ನೂ ಕೊರೆಯುತ್ತ ಹೋಗುತ್ತದೆ. ಪಾತ್ರ ಆಳವಾದಂತೆ ಸುತ್ತಲಿನ ಅಂತರ್ಜಲ ಇಳಿಯುತ್ತದೆ, ಸೇತುವೆಗಳ ಕಂಬಗಳ ಬುಡ ಬಯಲಾಗುತ್ತದೆ. ನದಿ ಕಡಲು ಸೇರುವ ಮುಖಜ ಭೂಮಿಯಂತೂ ಪ್ರತಿವರ್ಷ ಹೊಸ ಮೆಕ್ಕಲು ಬಂದರೆ ಮಾತ್ರ ಅಲೆಗಳ ಎದುರು ನಿಲ್ಲಬಲ್ಲದು. ಈಜಿಪ್ಟಿನ ಅಸ್ವಾನ್ ಹೈ ಅಣೆಕಟ್ಟು ವರ್ಷಕ್ಕೆ 10 ಕೋಟಿ ಟನ್ನಿಗೂ ಹೆಚ್ಚು ಮಣ್ಣನ್ನು ಹಿಡಿದಿಡುತ್ತದೆ. 1964ರಲ್ಲಿ ಅಲ್ಲಿ ನೀರು ನಿಲ್ಲತೊಡಗಿದ ಮೇಲೆ ನೈಲ್ ಮುಖಜ ಭೂಮಿಯ ಕರಾವಳಿ, ಅದರಲ್ಲೂ ರಾಶೀದ್ ಬಳಿಯ ಭೂಶಿರ, ಕಡಲ ಪಾಲಾಗುವ ವೇಗ ಹೆಚ್ಚಿ ತಡೆಗೋಡೆ ಕಟ್ಟಬೇಕಾಯಿತು. ಹೊಲಗಳಿಗೆ ಬರುತ್ತಿದ್ದ ಮೆಕ್ಕಲಿನ ಜಾಗವನ್ನು ರಸಗೊಬ್ಬರ ತುಂಬಿತು. ಪ್ರವಾಹದೊಂದಿಗೆ ಕಡಲಿಗೆ ಇಳಿಯುತ್ತಿದ್ದ ಪೋಷಕಾಂಶಗಳು ನಿಂತದ್ದರಿಂದ ಈಜಿಪ್ಟಿನ ಮೆಡಿಟರೇನಿಯನ್ ತೀರದ ಸಾರ್ಡೀನ್ ಮೀನಿನ ಇಳುವರಿ, 1962ರಲ್ಲಿ 18,000 ಟನ್ ಇದ್ದದ್ದು, ದಶಕದ ಕೊನೆಗೆ ಸಾವಿರ ಟನ್ನಿಗೂ ಕೆಳಗೆ ಬಂತು. ಕೆಲವು ವರ್ಷಗಳ ನಂತರ ಮೀನು ಮರಳಿ ಹೆಚ್ಚಿತು ನಿಜ. ಆದರೆ ಅದಕ್ಕೆ ಕಾರಣ ಹೊಲಗಳಿಂದ ಹರಿದುಬಂದ ಗೊಬ್ಬರದ ಅಂಶ ಮತ್ತು ನಗರಗಳ ಚರಂಡಿ ನೀರು ಎಂಬುದು ಸಂಶೋಧಕರ ಅಭಿಪ್ರಾಯ. ಇದನ್ನು ಚೇತರಿಕೆ ಎಂದು ಕರೆಯಲು ನಾಲಿಗೆ ತುಸು ತಡವರಿಸುತ್ತದೆ. ಇದರ ಮೇಲೆ, ಮರುಭೂಮಿಯ ನಡುವೆ ಹರಡಿಕೊಂಡ ಆ ಜಲಾಶಯದಿಂದ ವರ್ಷಕ್ಕೆ ಸುಮಾರು 1,000 ಕೋಟಿ ಘನ ಮೀಟರು ನೀರು ಆವಿಯಾಗಿ ಹೋಗುತ್ತದೆ.

ನೀರಿನ ಗುಣ, ನೀರಿನ ಜೀವ

ನಿಂತ ಆಳದ ನೀರು ಪದರ ಪದರವಾಗಿ ಬೇರ್ಪಡುತ್ತದೆ. ಮೇಲಿನ ಪದರ ಬಿಸಿಲಿಗೆ ಕಾಯುತ್ತದೆ. ಕೆಳಗಿನದು ತಣ್ಣಗಿದ್ದು, ಭಾರವಾಗಿ, ಮೇಲಿನದರೊಂದಿಗೆ ಬೆರೆಯದೆ, ಕ್ರಮೇಣ ಆಮ್ಲಜನಕವನ್ನು ಕಳೆದುಕೊಳ್ಳುತ್ತದೆ. ವಿದ್ಯುತ್ ಉತ್ಪಾದನೆಗೆ ನೀರನ್ನು ಸಾಮಾನ್ಯವಾಗಿ ಆಳದಿಂದಲೇ ಸೆಳೆಯುವುದರಿಂದ, ಕೆಳಗಿನ ನದಿಗೆ ವರ್ಷವಿಡೀ ಒಂದೇ ಬಗೆಯ ತಣ್ಣೀರು ಸಿಗುತ್ತದೆ. ಅಮೆರಿಕದ ಗ್ಲೆನ್ ಕ್ಯಾನಿಯನ್ ಅಣೆಕಟ್ಟು 1963ರಲ್ಲಿ ನದಿಯನ್ನು ತಡೆಯುವ ಮುನ್ನ ಕೊಲರಾಡೊ ನದಿಯ ನೀರು ಬೇಸಿಗೆಯಲ್ಲಿ 25 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ಕೆಸರಿನಿಂದ ಕೆಂಪಾಗಿತ್ತು. ನಂತರ ಅದು ವರ್ಷವೆಲ್ಲ ಹತ್ತು ಡಿಗ್ರಿಯ ಆಸುಪಾಸಿನ ತಿಳಿನೀರಾಯಿತು. ಬೆಚ್ಚನೆಯ ಕೆಸರು ನೀರಿನಲ್ಲಿ ಮೊಟ್ಟೆಯಿಡುವುದಕ್ಕೆ ಒಗ್ಗಿಕೊಂಡಿದ್ದ ಸ್ಥಳೀಯ ಮೀನುಗಳು ಅಲ್ಲಿ ಉಳಿಯುವುದು ಕಷ್ಟವಾಯಿತು. ಮೀನಿಗೆ ನೆರೆ ಒಂದು ಸೂಚನೆ. ನೆರೆ ಬಂದಾಗ ಮೇಲಕ್ಕೆ ಏರುವುದು, ಮೊಟ್ಟೆಯಿಡುವುದು ಎಂಬ ಕ್ರಮ ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡದ್ದು. ಬೇಡಿಕೆ ಹೆಚ್ಚಿದಾಗ ನೀರು ಬಿಟ್ಟು ಇಲ್ಲದಾಗ ತಡೆಯುವ ವಿದ್ಯುತ್ ಕೇಂದ್ರ ಒಂದೇ ದಿನದಲ್ಲಿ ನದಿಯನ್ನು ಏರಿಸಿ ಇಳಿಸುತ್ತದೆ. ದಡದ ಆಳವಿಲ್ಲದ ನೀರಿನಲ್ಲಿಟ್ಟ ಮೊಟ್ಟೆಗಳು ಸಂಜೆಯ ಹೊತ್ತಿಗೆ ಒಣಗಿರುತ್ತವೆ.

ವಲಸೆ ಮೀನುಗಳಿಗೆ ಮೆಟ್ಟಿಲು ಕಟ್ಟುವ ಪರಿಹಾರ ಸಾಲ್ಮನ್‌ನಂಥ ಜಿಗಿಯುವ ಜಾತಿಗಳಿಗಾಗಿ ರೂಪಿಸಿದ್ದು. ಅದನ್ನೇ ಎಲ್ಲ ನದಿಗಳಿಗೂ ಅನ್ವಯಿಸಿದ್ದು ಬಹಳಷ್ಟು ಕಡೆ ಕಣ್ಣೊರೆಸುವ ಕ್ರಮವಾಗಿಯೇ ಉಳಿದಿದೆ, ಏಕೆಂದರೆ ತಳದಲ್ಲಿ ಈಜುವ ದೊಡ್ಡ ಮೀನುಗಳು ಮೆಟ್ಟಿಲು ಹತ್ತುವುದಿಲ್ಲ, ಹತ್ತಿದರೂ ಮರಿಗಳು ಟರ್ಬೈನಿನ ಮೂಲಕ ಕೆಳಗಿಳಿಯಬೇಕು. ಯಾಂಗ್ಸಿ ನದಿಯ ಮೇಲೆ 1981ರಲ್ಲಿ ಹರಿವನ್ನು ತಡೆದ ಗೆಝೌಬಾ ಅಣೆಕಟ್ಟು ಚೀನೀ ಪ್ಯಾಡಲ್ ಮೀನಿನ ವಲಸೆಯ ದಾರಿಯನ್ನು ಮುರಿಯಿತು. ಮಿತಿಮೀರಿದ ಮೀನುಗಾರಿಕೆಯೂ ಜೊತೆಗೂಡಿ, ಡೈನೊಸಾರುಗಳ ಕಾಲದ ವಂಶಕ್ಕೆ ಸೇರಿದ ಆ ಮೀನು ನಶಿಸಿತು. 2003ರ ನಂತರ ಒಂದೂ ಕಂಡಿಲ್ಲ, 2022ರಲ್ಲಿ ಅದನ್ನು ಅಧಿಕೃತವಾಗಿ ಅಳಿದ ಜಾತಿ ಎಂದು ಘೋಷಿಸಲಾಯಿತು. ಇನ್ನೂ ಸುತ್ತುಬಳಸಿನ ಪರಿಣಾಮವೊಂದು ಸೆನೆಗಲ್ ನದಿಯಲ್ಲಿ ಕಂಡಿತು. ಕಡಲ ಉಪ್ಪುನೀರು ಒಳನುಗ್ಗದಂತೆ 1986ರಲ್ಲಿ ಅಲ್ಲಿ ದಿಯಾಮಾ ಕಟ್ಟೆ ನಿರ್ಮಾಣವಾಯಿತು. ನದಿಯ ಸಿಗಡಿಗಳಿಗೆ ಮರಿ ಮಾಡಲು ಅಳಿವೆಯ ಉಪ್ಪುನೀರು ಬೇಕು. ದಾರಿ ಮುಚ್ಚಿದ್ದರಿಂದ ಅವು ಮೇಲ್ಭಾಗದಲ್ಲಿ ಕಾಣೆಯಾದವು. ಆ ಸಿಗಡಿಗಳು ತಿನ್ನುತ್ತಿದ್ದ ಬಸವನಹುಳುಗಳು ಸಿಹಿನೀರಿನಲ್ಲಿ ಬೇಕಾಬಿಟ್ಟಿ ಹೆಚ್ಚಿದವು. ಆ ಹುಳುಗಳು ಹರಡುವ ಶಿಸ್ಟೊಸೋಮಿಯಾಸಿಸ್ ಎಂಬ ಪರೋಪಜೀವಿ ರೋಗ ಕೆಲವೇ ವರ್ಷಗಳಲ್ಲಿ ನದಿ ದಂಡೆಯ ಊರುಗಳನ್ನು ಆವರಿಸಿತು.

ಜಲವಿದ್ಯುತ್ತಿನಿಂದ ಹೊಗೆಯಿಲ್ಲ ಎಂಬುದು ಅದರ ಪರವಾದ ಪ್ರಬಲ ವಾದ. ಸಮಶೀತೋಷ್ಣ ಪ್ರದೇಶದ ಆಳವಾದ, ಇಕ್ಕಟ್ಟಾದ ಜಲಾಶಯಗಳ ಮಟ್ಟಿಗೆ ಅದು ಬಹುಪಾಲು ಸರಿ. ಆದರೆ ಉಷ್ಣವಲಯದಲ್ಲಿ ಕಾಡನ್ನು ಕಡಿಯದೆಯೇ ಮುಳುಗಿಸಿದಾಗ ಆಮ್ಲಜನಕವಿಲ್ಲದ ತಳದಲ್ಲಿ ಮರಗಿಡಗಳು ಕೊಳೆತು ಮೀಥೇನ್ ಉತ್ಪತ್ತಿಯಾಗುತ್ತದೆ. ಆಳದ ನೀರು ಟರ್ಬೈನಿನಿಂದ ಹೊರಬಂದು ಒತ್ತಡ ತಗ್ಗಿದೊಡನೆ ಅದು ಗಾಳಿಗೆ ಸೇರುತ್ತದೆ. ಬ್ರೆಜಿಲಿನ ಬಾಲ್ಬಿನಾ ಅಣೆಕಟ್ಟು ಅಮೆಜಾನ್ ಕಾಡಿನ 2,000 ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶವನ್ನು ಮುಳುಗಿಸಿತು. ಅದರ ವಿದ್ಯುತ್ ಸಾಮರ್ಥ್ಯ 250 ಮೆಗಾವಾಟು. ಅಷ್ಟೇ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ಪಡೆದಿದ್ದರೂ ವಾತಾವರಣಕ್ಕೆ ಇದಕ್ಕಿಂತ ಕಡಿಮೆ ಹಾನಿಯಾಗುತ್ತಿತ್ತು ಎಂದು ಅಲ್ಲಿನ ಅಧ್ಯಯನಗಳು ತೋರಿಸಿವೆ.

ಮುಳುಗಡೆಯಿಂದ ಮನೆಮಠ ಕಳೆದುಕೊಂಡವರ ಸಂಖ್ಯೆಯನ್ನು ಅಣೆಕಟ್ಟುಗಳ ಕುರಿತ ವಿಶ್ವ ಆಯೋಗ 2000ರಲ್ಲಿ 4 ಕೋಟಿಯಿಂದ 8 ಕೋಟಿ ಎಂದು ಅಂದಾಜಿಸಿತು. ಈ ಎರಡು ಅಂಕಿಗಳ ನಡುವಿನ ಅಂತರವೇ 4 ಕೋಟಿ. ಜನರನ್ನು ಎಷ್ಟು ಅಜಾಗರೂಕತೆಯಿಂದ ಎಣಿಸಲಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೆಲದ ಉತ್ತರ

ಈಗ ಅಣೆಕಟ್ಟು ನಿಂತಿರುವ ನೆಲದ ಕಡೆಗೆ ಬರೋಣ. ಆಫ್ರಿಕಾದ ಜಾಂಬೆಜಿ ನದಿಯ ಕರೀಬಾ ಜಲಾಶಯ ತುಂಬಿದಾಗ ಸುಮಾರು 18,000 ಕೋಟಿ ಘನ ಮೀಟರು ನೀರು ಹಿಡಿಯುತ್ತದೆ. ಒಂದು ಘನ ಮೀಟರು ನೀರಿನ ತೂಕ ಒಂದು ಟನ್. ಇಂಥ ಭಾರ ಕೆಲವೇ ವರ್ಷಗಳಲ್ಲಿ ಒಂದು ಕಣಿವೆಯ ಮೇಲೆ ಬೀಳುವುದು ಭೂಪದರಕ್ಕೆ ಹೊಸ ಅನುಭವ. ಭಾರಕ್ಕಿಂತ ಮುಖ್ಯವಾದದ್ದು ಒತ್ತಡ: ಆಳದ ನೀರು ಬಂಡೆಯ ಸೀಳುಗಳ ಮೂಲಕ ಇಳಿದು, ಮೊದಲೇ ಬಿಗಿದು ನಿಂತಿರುವ ಸ್ತರಭಂಗಗಳ, ಅಂದರೆ ಭೂಪದರ ಒಡೆದು ಸರಿದ ಬಿರುಕುಗಳ, ಎರಡು ಮಗ್ಗುಲುಗಳ ನಡುವಿನ ಘರ್ಷಣೆಯನ್ನು ತಗ್ಗಿಸುತ್ತದೆ. ಎಂದಾದರೂ ಜಾರಬಹುದಾಗಿದ್ದ ಬಂಡೆ ಈಗಲೇ ಜಾರುತ್ತದೆ. ಆದ್ದರಿಂದ ಅಣೆಕಟ್ಟು ಭೂಕಂಪವನ್ನು ಸೃಷ್ಟಿಸಿತು ಎನ್ನುವುದಕ್ಕಿಂತ ಅದನ್ನು ಕೆರಳಿಸಿತು ಎನ್ನುವುದು ಹೆಚ್ಚು ಸರಿ. ಕರೀಬಾದಲ್ಲಿ 1963ರಲ್ಲಿ 6ರ ಆಸುಪಾಸಿನ ತೀವ್ರತೆಯ ಕಂಪನಗಳಾದವು. ಮಹಾರಾಷ್ಟ್ರದ ಕೊಯ್ನಾ ಜಲಾಶಯ 1962ರಿಂದ ತುಂಬತೊಡಗಿತ್ತು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಅಲ್ಲಿ ಸುಮಾರು 6.3 ತೀವ್ರತೆಯ ಭೂಕಂಪ ಸಂಭವಿಸಿ 180ರಷ್ಟು ಮಂದಿ ಸತ್ತರು. ಭೂಕಂಪದ ಮಟ್ಟಿಗೆ ಸ್ಥಿರವೆಂದು ನಂಬಲಾಗಿದ್ದ ನೆಲ ಅದು. ಅಣೆಕಟ್ಟಿನ ಮೇಲ್ಭಾಗದಲ್ಲಿ, ಇಳಿಜಾರು ಬದಲಾಗುವ ಮಟ್ಟದಲ್ಲಿ, ಅಡ್ಡ ಬಿರುಕುಗಳು ಬಿಟ್ಟವು. ನಂತರ ಹಿಂಬದಿಗೆ ಆನಿಕೆಗಳನ್ನು ಕಟ್ಟಿ ಬಲಪಡಿಸಬೇಕಾಯಿತು. ಅಲ್ಲಿ ಸಣ್ಣ ಕಂಪನಗಳು ಇಂದಿಗೂ ನಿಂತಿಲ್ಲ.

ಜಲಾಶಯದ ದಡಗಳೂ ಇದೇ ನೀರನ್ನು ಹೀರುತ್ತವೆ. ಇಟಲಿಯ ವಯೋಂಟ್ ಅಣೆಕಟ್ಟಿನ ಎತ್ತರ 261.6 ಮೀಟರು, ತೆಳುವಾದ, ನಾಜೂಕಾದ ಕಮಾನು. 1960ರಲ್ಲಿ ನೀರು ಏರಿಸುತ್ತಿದ್ದಾಗಲೇ ಎಡದಡದ ತೋಕ್ ಬೆಟ್ಟದ ಮೇಲೆ ಎರಡು ಕಿಲೋಮೀಟರು ಉದ್ದದ ಬಿರುಕು ಕಾಣಿಸಿಕೊಂಡಿತು, ಬೆಟ್ಟದ ಒಂದು ತುಣುಕು ಜಲಾಶಯಕ್ಕೆ ಕುಸಿಯಿತು. ಇಡೀ ಇಳಿಜಾರು ಚಲಿಸುತ್ತಿದೆ ಎಂಬುದು ಆಗಲೇ ಗೊತ್ತಾಗಿತ್ತು. ನೀರಿನ ಮಟ್ಟವನ್ನು ನಿಧಾನವಾಗಿ ಏರಿಸಿ ಇಳಿಸಿದರೆ ಬೆಟ್ಟವನ್ನು ಹತೋಟಿಯಲ್ಲಿಟ್ಟು ಇಳಿಸಬಹುದು ಎಂದು ಯೋಜಕರು ನಂಬಿದರು. ಕುಸಿದ ಮಣ್ಣು ಜಲಾಶಯವನ್ನು ಎರಡಾಗಿ ಸೀಳಿದರೂ ನೀರು ಹಾಯಲಿ ಎಂದು ಸುರಂಗವನ್ನೂ ತೋಡಿಟ್ಟರು. 1963ರ ಸೆಪ್ಟೆಂಬರಿನಲ್ಲಿ ಚಲನೆ ಹೆಚ್ಚಿದಾಗ ಮಟ್ಟವನ್ನು ಇಳಿಸತೊಡಗಿದರು. ಅದೇ ತಿರುವು. ನೀರು ಇಳಿದರೂ ಬೆಟ್ಟದ ಒಳಗೆ ಸೇರಿದ್ದ ನೀರು ಅಷ್ಟೇ ಬೇಗ ಇಳಿಯುವುದಿಲ್ಲ. ಒಳಗಿನ ಒತ್ತಡ ಹಾಗೇ ಇದ್ದು, ಹೊರಗಿನಿಂದ ದಡಕ್ಕೆ ಸಿಗುತ್ತಿದ್ದ ಆಸರೆ ಮಾತ್ರ ಹೋಗುತ್ತದೆ. ಅಕ್ಟೋಬರ್ 9ರ ರಾತ್ರಿ 10 ಗಂಟೆ 39 ನಿಮಿಷಕ್ಕೆ ಸುಮಾರು 26 ಕೋಟಿ ಘನ ಮೀಟರು ಬೆಟ್ಟ ಒಂದೇ ತುಂಡಾಗಿ ಜಲಾಶಯಕ್ಕೆ ಜಾರಿತು. ಕಟ್ಟೆಯ ನೆತ್ತಿಗಿಂತ ನೂರು ಮೀಟರಿಗೂ ಎತ್ತರಕ್ಕೆ ಎದ್ದ ನೀರು ಕೆಳಗಿನ ಲೊಂಗಾರೊನೆ ಪಟ್ಟಣವನ್ನು ಅಳಿಸಿಹಾಕಿತು. ಸತ್ತವರು ಸುಮಾರು 2,000. ಅಣೆಕಟ್ಟಿಗೆ ನೆತ್ತಿಯ ಬಳಿ ತುಸು ಪೆಟ್ಟಾದದ್ದು ಬಿಟ್ಟರೆ ಏನೂ ಆಗಲಿಲ್ಲ, ಇಂದಿಗೂ ನಿಂತಿದೆ. ರಚನೆ ಗೆದ್ದು ಯೋಜನೆ ಸೋತ ಈ ಪ್ರಕರಣ, ಕಟ್ಟೆಯ ಬಲವನ್ನಷ್ಟೇ ಪರೀಕ್ಷಿಸುವ ಸುರಕ್ಷತಾ ಲೆಕ್ಕ ಎಷ್ಟು ಅಪೂರ್ಣ ಎಂಬುದನ್ನು ತೋರಿಸುತ್ತದೆ. ಚೀನಾದ ತ್ರೀ ಗಾರ್ಜಸ್ ಜಲಾಶಯದ ಮಟ್ಟ ಪ್ರತಿವರ್ಷ 145 ಮತ್ತು 175 ಮೀಟರುಗಳ ನಡುವೆ ಏರಿಳಿಯುತ್ತದೆ. ಅದರ ದಡಗಳ ಭೂಕುಸಿತಗಳ ಮೇಲೆ ಸತತ ನಿಗಾ ಇಡಬೇಕಾಗಿರುವುದು ಇದೇ ಕಾರಣಕ್ಕೆ.

ಅಣೆಕಟ್ಟು ಸೋಲುವ ಬಗೆ

ಅಣೆಕಟ್ಟು ಸೋಲುವುದು ಎಂದರೆ ನೀರಿನ ತಳ್ಳುವಿಕೆಗೆ ಗೋಡೆ ಮುರಿಯುವುದು ಎಂಬ ಕಲ್ಪನೆ ಸಹಜ, ಆದರೆ ಹಾಗಾಗುವುದು ಕಡಿಮೆ. ನೀರು ಗೋಡೆಯನ್ನು ಮುಂದಕ್ಕೆ ತಳ್ಳುವುದರ ಜೊತೆಗೆ ತಳಪಾಯದ ಸೀಳುಗಳಲ್ಲಿ ನುಸುಳಿ ಅದನ್ನು ಕೆಳಗಿನಿಂದ ಮೇಲಕ್ಕೆತ್ತುತ್ತದೆ. ಸ್ವಂತ ತೂಕದಿಂದ ನಿಲ್ಲುವ ಕಾಂಕ್ರೀಟು ಕಟ್ಟೆಯ ತೂಕದ ಒಂದು ಭಾಗವನ್ನು ಈ ಎತ್ತುವಿಕೆ ರದ್ದು ಮಾಡುತ್ತದೆ. ಇದನ್ನು ತಗ್ಗಿಸಲೆಂದೇ ಕಟ್ಟೆಯೊಳಗೆ ಬಸಿಗಾಲುವೆಗಳಿರುವ ಸುರಂಗದಾರಿಗಳನ್ನು ಬಿಡುತ್ತಾರೆ. ಕ್ಯಾಲಿಫೋರ್ನಿಯಾದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು 1928ರ ಮಾರ್ಚ್ 12ರಂದು ಒಡೆದು 400ಕ್ಕೂ ಹೆಚ್ಚು ಜನರನ್ನು ಕೊಂದಾಗ, ಪುರಾತನ ಭೂಕುಸಿತದ ಮೇಲೆ ಅದನ್ನು ಕಟ್ಟಲಾಗಿತ್ತು ಎಂಬುದರ ಜೊತೆಗೆ ಈ ಎತ್ತುವಿಕೆಯನ್ನು ಸಾಕಷ್ಟು ಗಣಿಸಿರಲಿಲ್ಲ ಎಂಬುದೂ ಬೆಳಕಿಗೆ ಬಂತು. ಫ್ರಾನ್ಸಿನ ಮಾಲ್‌ಪಾಸೆ ಕಮಾನು ಅಣೆಕಟ್ಟು 1959ರ ಡಿಸೆಂಬರ್ 2ರಂದು, ಮೊದಲ ಬಾರಿ ಹೆಚ್ಚುಕಡಿಮೆ ತುಂಬಿದ ಹೊತ್ತಿನಲ್ಲೇ, ಎಡದಂಡೆಯ ಬಂಡೆ ಒಳಗಿನ ನೀರಿನ ಒತ್ತಡಕ್ಕೆ ಸರಿದದ್ದರಿಂದ ಕುಸಿಯಿತು; 423 ಮಂದಿ ಸತ್ತರು. ಅಲ್ಲಿ ಕಾಂಕ್ರೀಟಿನ ತಪ್ಪಿರಲಿಲ್ಲ.

ಮಣ್ಣಿನ ಅಣೆಕಟ್ಟುಗಳಿಗೆ ಬೇರೆಯೇ ಶತ್ರು, ಒಳಗಿನಿಂದ ಕೊರೆಯುವ ಸೋರಿಕೆ. ಜಿನುಗುವ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಅದು ಮಣ್ಣು ಹೊತ್ತು ಕದಡಿ ಬರುತ್ತಿದ್ದರೆ ಒಳಗೆ ಕೊಳವೆಯಂಥ ದಾರಿ ಬೆಳೆಯುತ್ತಿದೆ ಎಂದರ್ಥ. ಅಮೆರಿಕದ ಇಡಾಹೊ ರಾಜ್ಯದ 93 ಮೀಟರು ಎತ್ತರದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು, ಮೊದಲ ಸಲ ತುಂಬುತ್ತಿರುವಾಗ, ಹೀಗೇ ಹೋಯಿತು. ಬೆಳಗ್ಗೆ ಕಟ್ಟೆಯ ಕೆಳಮುಖದಲ್ಲಿ ಕದಡಿದ ನೀರು ಕಂಡಿತು. ತೂತು ಮುಚ್ಚಲು ಬುಲ್ಡೋಜರುಗಳು ಮಣ್ಣು ತಳ್ಳಿದವು. ತೂತು ಹಿಗ್ಗಿ ಆ ಬುಲ್ಡೋಜರುಗಳನ್ನೇ ನುಂಗಿತು, ಚಾಲಕರು ಪಾರಾದರು. ಮಧ್ಯಾಹ್ನ 12 ಗಂಟೆ ಹೊಡೆಯುವ ಮುನ್ನ ಅಣೆಕಟ್ಟು ಒಡೆದಿತ್ತು. ಬಂಡೆಯಲ್ಲಿ ಸೀಳುಗಳಿದ್ದವು, ನಡುಭಾಗಕ್ಕೆ ತುಂಬಿದ್ದ ಮಣ್ಣು ಸುಲಭವಾಗಿ ಕೊಚ್ಚಿಹೋಗುವ ನವಿರು ಧೂಳಿನದಾಗಿತ್ತು. ಇರಾಕಿನ ಮೊಸುಲ್ ಅಣೆಕಟ್ಟಿನ ಕೆಳಗಿರುವುದಂತೂ ನೀರಿನಲ್ಲಿ ಕರಗುವ ಜಿಪ್ಸಮ್. 1986ರಿಂದ ಅಲ್ಲಿ ಸಿಮೆಂಟಿನ ದ್ರಾವಣವನ್ನು ತಳಕ್ಕೆ ತುಂಬುವ ಕೆಲಸ ಹೆಚ್ಚುಕಡಿಮೆ ಎಡೆಬಿಡದೆ ನಡೆದಿದೆ. ಒಂದು ಪೊಳ್ಳನ್ನು ತುಂಬಿದರೆ ನೀರು ಇನ್ನೊಂದು ದಾರಿ ಹುಡುಕುತ್ತದೆ.

ಇವೆಲ್ಲಕ್ಕಿಂತ ಸಾಮಾನ್ಯವಾದದ್ದು, ಪ್ರವಾಹ ಅಣೆಕಟ್ಟಿನ ನೆತ್ತಿಯನ್ನೇ ದಾಟುವುದು. ಕಾಂಕ್ರೀಟು ಕಟ್ಟೆ ಇದನ್ನು ಸ್ವಲ್ಪ ಹೊತ್ತು ತಾಳಬಹುದು. ಮಣ್ಣಿನ ಏರಿ ಕೆಲವೇ ಗಂಟೆಗಳಲ್ಲಿ ಕೊಚ್ಚಿಹೋಗುತ್ತದೆ. 1975ರ ಆಗಸ್ಟಿನಲ್ಲಿ ನೀನಾ ಚಂಡಮಾರುತ ಚೀನಾದ ಹೆನಾನ್ ಪ್ರಾಂತದ ಮೇಲೆ ನಿಂತು, ಒಂದು ಕಡೆ 24 ಗಂಟೆಗಳಲ್ಲಿ 1,000 ಮಿಲಿಮೀಟರಿಗೂ ಮಿಗಿಲಾದ ಮಳೆ ಸುರಿಯಿತು. ಬಾನ್‌ಚಿಯಾವ್ ಅಣೆಕಟ್ಟು ಒಡೆಯಿತು. ಆ ಪ್ರದೇಶದಲ್ಲಿ ಒಟ್ಟು 62 ಅಣೆಕಟ್ಟುಗಳು ಹೋದವು. ಸತ್ತವರ ಅಂದಾಜು 26,000ದಿಂದ ಹಿಡಿದು, ಆಮೇಲಿನ ಹಸಿವು ರೋಗಗಳನ್ನೂ ಸೇರಿಸಿದರೆ, ಲಕ್ಷವನ್ನು ಮೀರುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು-2 ಅಣೆಕಟ್ಟಿಗೆ ಬಂದದ್ದು ಅದರ ಕೋಡಿ ಹೊರಹಾಕಬಲ್ಲದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿನ ಒಳಹರಿವು. ಮೋರ್ಬಿ ಪಟ್ಟಣ ಕೊಚ್ಚಿಹೋಯಿತು. 2023ರ ಸೆಪ್ಟೆಂಬರಿನಲ್ಲಿ ಲಿಬಿಯಾದ ದೆರ್ನಾದ ಎರಡು ಅಣೆಕಟ್ಟುಗಳು, ಅಕ್ಟೋಬರಿನಲ್ಲಿ ಸಿಕ್ಕಿಮಿನ ತೀಸ್ತಾ-3 ಅಣೆಕಟ್ಟು ಇದೇ ಹಾದಿ ಹಿಡಿದವು. ತೀಸ್ತಾದ ವಿಷಯದಲ್ಲಿ ಬಂದದ್ದು ಬರೀ ಮಳೆನೀರಲ್ಲ, ಮೇಲಿನ ಲೋನಾಕ್ ಹಿಮನದಿ ಸರೋವರ ಒಡೆದು ನುಗ್ಗಿದ ನೀರು ಮತ್ತು ಕಲ್ಲುಮಣ್ಣು. ಕೋಡಿಯ ಗಾತ್ರವನ್ನು ಹಿಂದಿನ ಮಳೆಯ ದಾಖಲೆಗಳ ಆಧಾರದಲ್ಲಿ ನಿರ್ಧರಿಸುತ್ತಾರೆ. ಹವಾಮಾನ ಬದಲಾಗಿ ಮಳೆಯ ಸ್ವರೂಪವೇ ಬೇರೆಯಾದಾಗ ಆ ದಾಖಲೆಗಳು ಎಷ್ಟು ಉದ್ದವಿದ್ದರೂ ಸಾಲುವುದಿಲ್ಲ. ಜೊತೆಗೆ ಜಲಾಶಯದ ಮೇಲ್ಭಾಗದಲ್ಲಿ ಹೂಳು ಕೂತಿದ್ದರೆ, ಬಂದ ನೆರೆಯನ್ನು ತುಸು ಹೊತ್ತು ಹಿಡಿದಿಟ್ಟುಕೊಳ್ಳುವ ಜಾಗವೂ ಕುಗ್ಗಿರುತ್ತದೆ. ಪರಿಸರದ ಕಡತದಲ್ಲಿದ್ದ ಹೂಳು ಸುರಕ್ಷತೆಯ ಕಡತಕ್ಕೆ ದಾಟುವುದು ಇಲ್ಲಿ.

ಕೋಡಿ ಮತ್ತು ಗೇಟುಗಳು ವರ್ಷಗಟ್ಟಲೆ ಸುಮ್ಮನಿದ್ದು, ಬೇಕಾದ ದಿನ ಪೂರ್ತಿ ಕೆಲಸ ಮಾಡಬೇಕಾದ ಭಾಗಗಳು. 1983ರ ಬೇಸಿಗೆಯಲ್ಲಿ ಗ್ಲೆನ್ ಕ್ಯಾನಿಯನ್ನಿನ ಕೋಡಿ ಸುರಂಗದಲ್ಲಿ ಅತಿವೇಗದ ನೀರಿನಲ್ಲಿ ಹುಟ್ಟಿ ಒಡೆಯುವ ಆವಿಗುಳ್ಳೆಗಳು ಕಾಂಕ್ರೀಟನ್ನು ಕಿತ್ತು, ಬಂಡೆಯಲ್ಲಿ ಹತ್ತು ಮೀಟರು ಆಳದ ಗುಂಡಿ ತೋಡಿದವು. ಸುರಂಗವನ್ನು ಬಳಸುವಂತಿಲ್ಲ, ನೀರು ಏರುತ್ತಲೇ ಇದೆ. ಆಗ ಗೇಟುಗಳ ತಲೆಯ ಮೇಲೆ ಪ್ಲೈವುಡ್ ಹಲಗೆಗಳನ್ನು ನಿಲ್ಲಿಸಿ 216 ಮೀಟರು ಎತ್ತರದ ಅಣೆಕಟ್ಟಿನ ಮಾನ ಕಾಪಾಡಲಾಯಿತು. 2017ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಅಣೆಕಟ್ಟಿನ ಕೋಡಿಯ ಕಾಂಕ್ರೀಟು ಹಾಸು ಕಿತ್ತುಹೋಗಿ, ಸುಮಾರು 1,88,000 ಜನರನ್ನು ತೆರವು ಮಾಡಿಸಬೇಕಾಯಿತು. ಹಾಸಿನ ಬಿರುಕುಗಳಲ್ಲಿ ಇಳಿದ ನೀರು ಅದನ್ನು ಅಡಿಯಿಂದ ಎತ್ತಿದ್ದೇ ಕಾರಣಗಳಲ್ಲೊಂದು ಎಂದು ತನಿಖೆ ಹೇಳಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಉಕ್ಕಿನ ತಾತ್ಕಾಲಿಕ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಆ ಕಿಂಡಿಯನ್ನು ಮುಚ್ಚುವ ವೇಳೆಗೆ ಸಂಗ್ರಹದ ದೊಡ್ಡ ಪಾಲು ಹರಿದುಹೋಗಿತ್ತು.

ಕಾಂಕ್ರೀಟಿಗೂ ವಯಸ್ಸಾಗುತ್ತದೆ. ಸಿಮೆಂಟಿನ ಕ್ಷಾರ ಮತ್ತು ಜಲ್ಲಿಯಲ್ಲಿರುವ ಒಂದು ಬಗೆಯ ಸಿಲಿಕಾ ತೇವದಲ್ಲಿ ವರ್ತಿಸಿ ಉಬ್ಬುವ ಅಂಟನ್ನು ಉಂಟುಮಾಡುತ್ತವೆ. ಕರೀಬಾ ಅಣೆಕಟ್ಟು ಹೀಗೆ ನಿಧಾನವಾಗಿ ಹಿಗ್ಗಿ, ಗೇಟುಗಳು ಸರಾಗವಾಗಿ ಓಡಾಡುವುದೇ ಕಷ್ಟವಾಗತೊಡಗಿತು. ಅದರ ಕೆಳಗೆ ಧುಮ್ಮಿಕ್ಕುವ ನೀರು ನದಿಯ ತಳದ ಬಂಡೆಯಲ್ಲಿ 80 ಮೀಟರು ಆಳದ ಮಡುವನ್ನು ಕೊರೆದು, ಅದು ಕಟ್ಟೆಯ ಬುಡದತ್ತ ಸರಿಯದಂತೆ ತಡೆಯಲು ದೊಡ್ಡ ದುರಸ್ತಿಯನ್ನು ಕೈಗೊಳ್ಳಬೇಕಾಯಿತು.

ಈ ಅಪಾಯಗಳಲ್ಲಿ ಕೆಲವನ್ನು ಜಲಾಶಯವನ್ನು ನಡೆಸುವ ಕ್ರಮದಿಂದಲೇ ತಗ್ಗಿಸಬಹುದು, ಆದರೆ ಅಲ್ಲಿ ಉದ್ದೇಶಗಳು ಒಂದಕ್ಕೊಂದು ಅಡ್ಡ ಬರುತ್ತವೆ. ವಿದ್ಯುತ್ತಿಗೂ ನೀರಾವರಿಗೂ ಜಲಾಶಯ ತುಂಬಿರಬೇಕು. ಪ್ರವಾಹ ತಡೆಯಲು ಖಾಲಿ ಇರಬೇಕು. ಹೂಳು ಹೊರಹಾಕಲು ಮಳೆಗಾಲದ ಆರಂಭದಲ್ಲಿ ತಳತೂಬು ತೆರೆದು ನೀರನ್ನು ಬಿಟ್ಟುಕೊಡಬೇಕು. ದಡಗಳು ಕುಸಿಯದಿರಲು ಮಟ್ಟ ನಿಧಾನವಾಗಿ ಇಳಿಯಬೇಕು. ಮೀನಿಗೆ ಸಕಾಲದಲ್ಲಿ ನೆರೆಯಂಥ ಹರಿವು ಬೇಕು. ಯೋಜನಾ ವರದಿಗಳು ಇಷ್ಟೂ ಲಾಭಗಳನ್ನು ಪ್ರತ್ಯೇಕವಾಗಿ ಕೂಡಿ ತೋರಿಸುತ್ತವೆ, ಒಂದನ್ನು ಪಡೆದರೆ ಇನ್ನೊಂದು ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ತೋರಿಸುವುದು ವಿರಳ. ಮಳೆಗಾಲದ ಕೊನೆಯಲ್ಲಿ ಜಲಾಶಯ ಪೂರ್ತಿ ತುಂಬಿರುವಾಗ ಭಾರಿ ಮಳೆಯಾದರೆ, ಒಮ್ಮೆಲೇ ಎಲ್ಲ ಗೇಟುಗಳನ್ನು ತೆರೆಯಬೇಕಾಗಿ ಬಂದು, ಪ್ರವಾಹ ತಡೆಯಲೆಂದು ಕಟ್ಟಿದ ಅಣೆಕಟ್ಟೇ ಕೆಳಗಿನ ಊರುಗಳಿಗೆ ಪ್ರವಾಹ ತರುವುದು ಈ ಅಡ್ಡಹಾಯುವಿಕೆಯ ಫಲ.

ಬಾಳಿಕೆ ಮುಗಿದ ಅಣೆಕಟ್ಟನ್ನು ತೆಗೆದುಹಾಕುವ ಅನುಭವ ಈಗೀಗ ಬೆಳೆಯುತ್ತಿದೆ. ಅಮೆರಿಕದ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು 2024ರ ಹೊತ್ತಿಗೆ ತೆಗೆದ ಮೇಲೆ, ಅದೇ ವರ್ಷದ ಶರತ್ಕಾಲದಲ್ಲಿ ಸಾಲ್ಮನ್ ಮೀನುಗಳು ಒಂದು ಶತಮಾನದಿಂದ ಹೋಗಲಾಗದಿದ್ದ ಮೇಲ್ಭಾಗವನ್ನು ತಲುಪಿದವು. ಅದಕ್ಕೂ ಮೊದಲು ಅಮೆರಿಕದ್ದೇ ಆದ ಎಲ್ವಾ ನದಿಯಲ್ಲಿ 1913 ಮತ್ತು 1927ರ ಎರಡು ಅಣೆಕಟ್ಟುಗಳನ್ನು 2011ರಿಂದ 2014ರವರೆಗೆ ಹಂತಹಂತವಾಗಿ ಕಳಚಲಾಗಿತ್ತು. ಎರಡರಲ್ಲಿ ಹೆಚ್ಚು ಎತ್ತರವಿದ್ದದ್ದು 64 ಮೀಟರಿನದು. ಅವುಗಳ ಹಿಂದೆ ಸುಮಾರು 2 ಕೋಟಿ ಘನ ಮೀಟರು ಹೂಳಿತ್ತು. ಒಮ್ಮೆಲೇ ಬಿಟ್ಟರೆ ಕೆಳಗಿನ ನದಿ ಉಸಿರುಗಟ್ಟುತ್ತದೆ ಎಂದು ಕಟ್ಟೆಯನ್ನು ಸ್ವಲ್ಪ ಕತ್ತರಿಸಿ, ಮೀನು ಮೇಲೇರುವ ಕಾಲದಲ್ಲಿ ಕೆಲಸ ನಿಲ್ಲಿಸಿ, ಮತ್ತೆ ಕತ್ತರಿಸಿದರು. ಕೆಸರು ನೀರನ್ನು ಕುಡಿಯಲು ಯೋಗ್ಯವಾಗಿಸುವ ಶುದ್ಧೀಕರಣ ಘಟಕ, ತಳ ಏರಿದ ನದಿಗೆ ಪ್ರವಾಹ ತಡೆಗೋಡೆ, ಮೀನು ಮರಿಗಳ ಕೇಂದ್ರ ಇವನ್ನೆಲ್ಲ ಸೇರಿಸಿ ಯೋಜನೆಯ ವೆಚ್ಚ 32 ಕೋಟಿ ಡಾಲರು ದಾಟಿತು. ಅದರಲ್ಲಿ ಎರಡೂ ಕಟ್ಟೆಗಳನ್ನು ಒಡೆದು ತೆಗೆಯುವ ಗುತ್ತಿಗೆಗೆ ಹೋದದ್ದು 3 ಕೋಟಿ ಡಾಲರಿಗೂ ಕಡಿಮೆ.